ಕಾಲಿಂಚು ಮಾಸ್ಟ್ರ ಪ್ರೋಟೀನ್ ಕಾಫಿ

ಡಬ್ಬಿಯ ಮೇಲೆ ಬರೆದದ್ದನ್ನು ಕಾಲಿಂಚು ಮಾಸ್ಟ್ರು ಮೂರನೆಯ ಸಲ ಓದಿದರು. ಒಂದು ಸ್ಕೂಪಿಗೆ ಮೂವತ್ತು ಗ್ರಾಂ ಪುಡಿ, ಅದರಲ್ಲಿ ಪ್ರೋಟೀನು ಇಪ್ಪತ್ತನಾಲ್ಕು ಗ್ರಾಂ. ಹಾಗಾದರೆ ಉಳಿದ ಆರು ಗ್ರಾಂ ಏನು, ಅದನ್ನು ಯಾಕೆ ಸೇರಿಸಿದ್ದಾರೆ, ತೆಗೆದುಹಾಕಬೇಕೋ ಹಾಗೇ ಕುಡಿಸಬೇಕೋ, ಇದೊಂದೂ ಅಲ್ಲಿ ಬರೆದಿರಲಿಲ್ಲ. ಸ್ಕೂಪು ಅನ್ನುವ ವಸ್ತುವೂ ಕಾಣಲಿಲ್ಲ. ಮುಚ್ಚಳ ತೆಗೆದರೆ ಬಿಸ್ಕತ್ತಿನ ಬಣ್ಣದ ಪುಡಿ, ಅಷ್ಟೇ. ಅಂಗಡಿಯವನು ಸ್ಕೂಪನ್ನು ನುಂಗಿಹಾಕಿದ್ದಾನೆ ಎಂದು ಮಾಸ್ಟ್ರು ಮನಸ್ಸಿನಲ್ಲೇ ಅವನಿಗೆ ಎರಡು ಬೈದು, ಅಡುಗೆಮನೆಯ ಚಮಚವನ್ನೇ ಕೈಗೆತ್ತಿಕೊಂಡರು. ಸ್ಕೂಪು ಪುಡಿಯೊಳಗೆ ಹೂತು ಕೂತಿತ್ತು. ಅದು ಅವರಿಗೆ ಸಿಕ್ಕಿದ್ದು ನಾಲ್ಕನೆಯ ದಿನ.

ಅರವತ್ತೆರಡು ವರ್ಷದ ಈ ಮನುಷ್ಯ ಬಟ್ಟೆ ಹೊಲಿಯಲು ಕೂತು ನಲವತ್ತೊಂದು ವರ್ಷವಾಗಿತ್ತು. ಯಾರೇ ಅಳತೆ ಕೊಡಲು ಬಂದರೂ, ‘ಒಳಗೆ ಕಾಲಿಂಚು ಜಾಸ್ತಿ ಬಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ’ ಅನ್ನುವುದು ಅವರ ಅಭ್ಯಾಸ. ಕೇಳಿ ಕೇಳಿ ಬೇಸತ್ತ ಬೀದಿ ಅವರಿಗೆ ಆ ಹೆಸರನ್ನೇ ಇಟ್ಟಿತು. ಜಗತ್ತಿನಲ್ಲಿ ಏನಿದ್ದರೂ ಅವರಿಗೆ ಇಂಚಿನಲ್ಲಿ ಗೊತ್ತು. ಬೀದಿಯಲ್ಲಿ ನಡೆದು ಹೋಗುವವರ ಭುಜ ಎಷ್ಟು, ಸೊಂಟ ಎಷ್ಟು ಎಂದು ಕಿಟಕಿಯಿಂದಲೇ ಹೇಳಬಲ್ಲರು. ಗ್ರಾಂ, ಡಿಗ್ರಿ, ಮಿಲಿಲೀಟರು ಅಂದರೆ ಮಾತ್ರ ಕಣ್ಣು ಕಣ್ಣು ಬಿಡುತ್ತಾರೆ. ಅಡುಗೆಮನೆಯೆಂದರೆ ನೀರು ಕುಡಿಯಲು ಹೋಗಿಬರುವ ಜಾಗ ಎಂದೇ ಇಷ್ಟು ವರ್ಷ ಬದುಕಿದವರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಮುಖ ಮಾಡಿದ ಎರಡು ಮಿಷನ್ನು, ನಡುವೆ ಕತ್ತರಿಸುವ ಮೇಜು, ಗೋಡೆಗೆ ಒರಗಿದ ಇಸ್ತ್ರಿ ಹಲಗೆ. ಮೇಜಿನ ಪಕ್ಕದ ಸ್ಟೂಲು ಹೆಂಡತಿಯದು. ಗುಂಡಿ ತೂರುವ ಕಾಜಾ, ಗುಂಡಿ, ಅಂಚು ಎಲ್ಲ ಅವಳ ಕೈಯದೇ. ಅದಕ್ಕೇ ಅವಳು ಬೀದಿಗೆಲ್ಲ ಕಾಜಾ ಅಕ್ಕ. ಇನ್ನೊಂದು ಕೆಲಸವೂ ಅವಳದೇ. ಮಾಸ್ಟ್ರು ಗಿರಾಕಿಯ ಮೈಗೆ ಟೇಪು ಹಿಡಿದು ಬರೀ ಸಂಖ್ಯೆಗಳನ್ನು ಕೂಗುತ್ತಾರೆ. ಅವಳು ಉದ್ದನೆಯ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಉದ್ದ, ಭುಜ, ಎದೆ, ಸೊಂಟ, ತೋಳು ಎಂದು ಅವರು ಹೇಳುವುದೇ ಇಲ್ಲ, ಕ್ರಮ ತಪ್ಪುವುದಿಲ್ಲವಲ್ಲ. ಮೂವತ್ತನಾಲ್ಕು ವರ್ಷದಿಂದ ಗಂಡ ಕೂಗಿದ್ದನ್ನು ಹೆಂಡತಿ ಬರೆದಿದ್ದಾಳೆ, ಒಂದು ಅಂಗಿಯೂ ಅಳತೆ ತಪ್ಪಿ ವಾಪಸ್ಸು ಬಂದಿಲ್ಲ. ಮಾಸ್ಟ್ರ ಕೈಬರಹ ಅವರಿಗೇ ಓದಲು ಬಾರದು ಅನ್ನುವುದು ಬೇರೆ ವಿಷಯ.

ಆ ಹೆಂಡತಿ ಈಗ ಒಳಕೋಣೆಯ ಮಂಚದ ಮೇಲಿದ್ದಳು. ಹೊಟ್ಟೆಯೊಳಗೆ ಒಂದು ಗಂಟು. ಕೆಟ್ಟ ಗಂಟಲ್ಲ, ಆದರೆ ಬಹಳ ದಿನ ಬಿಟ್ಟರೆ ಕೆಡುತ್ತದೆ, ತೆಗೆಯಲೇಬೇಕು ಅಂದಿದ್ದರು ಡಾಕ್ಟರು. ತೆಗೆಯೋಣ ಅಂದರೆ ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಐವತ್ತಾರು ಕಿಲೋ ಇದ್ದವಳು ನಾಲ್ಕು ತಿಂಗಳಲ್ಲಿ ನಲವತ್ತನಾಲ್ಕಕ್ಕೆ ಇಳಿದಿದ್ದಳು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: “ಈ ತೂಕದಲ್ಲಿ ನಾನು ಚಾಕು ಮುಟ್ಟೋದಿಲ್ಲ. ಗಾಯ ಮಾಯೋದಕ್ಕೆ ಮೈಯಲ್ಲಿ ಏನಾದ್ರೂ ಇರಬೇಕಲ್ಲ. ಆರು ವಾರ ಟೈಮು. ನಲವತ್ತೇಳು ಮಾಡ್ಕೊಂಡು ಬನ್ನಿ.”

ಅನ್ನ ಕಂಡರೆ ಅವಳಿಗೆ ವಾಕರಿಕೆ. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಾಳೆ. ಗಂಟಲಲ್ಲಿ ಇಳಿದು ಹೊಟ್ಟೆಯಲ್ಲಿ ನಿಲ್ಲುವುದು ಹಾಲಿಲ್ಲದ ಕಾಫಿ ಒಂದೇ. ಆಸ್ಪತ್ರೆಯಲ್ಲಿ ಆಹಾರದ ಚೀಟಿ ಬರೆಯುವ ಮೇಡಂ ಇದನ್ನು ಕೇಳಿ, ಹಾಗಾದರೆ ಕಾಫಿಗೇ ಪ್ರೋಟೀನ್ ಪುಡಿ ಹಾಕಿ ಕೊಡಿ, ದಿನಕ್ಕೆ ಎರಡು ಲೋಟ, ಒಂದೊಂದರಲ್ಲೂ ಇಪ್ಪತ್ತು ಗ್ರಾಂ ಪ್ರೋಟೀನು ಹೊಟ್ಟೆಗೆ ಹೋಗಲಿ ಅಂದಿದ್ದರು. ಮೂರು ವಾರ ತೂಕ ನೋಡುವ ಗೋಜಿಗೇ ಹೋಗಬೇಡಿ, ದಿನಾ ನೋಡಿದರೆ ಎದೆಗುಂದುತ್ತೀರಿ ಎಂದೂ ಸೇರಿಸಿದರು. ಮಾಡುವ ಬಗೆಯನ್ನೂ ಹೇಳಿದರು, ಆದರೆ ಅಷ್ಟರಲ್ಲಿ ಅವರ ಫೋನು ಎರಡು ಸಲ ಹೊಡೆದುಕೊಂಡಿತು. ಮಾಸ್ಟ್ರು ಎಲ್ಲದಕ್ಕೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರದು ಎತ್ತಿದ ಕೈ. ಗಿರಾಕಿ ಏನು ಹೇಳಿದರೂ ತಲೆಯಾಡಿಸಿ, ಆಮೇಲೆ ತಮಗೆ ತೋಚಿದಂತೆ ಹೊಲಿಯುವುದು ಅವರ ಪದ್ಧತಿ. ಬಟ್ಟೆಯಲ್ಲಿ ಅದು ನಡೆಯುತ್ತದೆ.

ಮೊದಲನೆಯ ದಿನ ಕುದಿಯುವ ಕಾಫಿಗೆ ಎರಡು ಚಮಚ ಪುಡಿ ಸುರಿದರು. ಪುಡಿ ಕರಗಲಿಲ್ಲ. ಗಂಟುಗಂಟಾಗಿ ಮೇಲೆ ತೇಲಿತು. ಒಂದು ಗಂಟನ್ನು ಚಮಚದಲ್ಲಿ ಒಡೆದು ನೋಡಿದರೆ ಹೊರಗೆ ಒದ್ದೆ, ಒಳಗೆ ಒಣ ಪುಡಿ. ಕಾಯಿಸಿದ್ದು ಸಾಲಲಿಲ್ಲವೇನೋ ಎಂದು ಇನ್ನೂ ಕಾಯಿಸಿದರು, ಗಂಟುಗಳು ರಬ್ಬರಾದವು. ಹೆಂಡತಿ ಒಂದು ಗುಟುಕು ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಅಗಿದಳು.

“ರೀ, ಇದು ಕುಡಿಯೋದಾ, ತಿನ್ನೋದಾ?” ಅಂದಳು.

ನಗಬೇಕೋ ಅಳಬೇಕೋ ಮಾಸ್ಟ್ರಿಗೆ ತಿಳಿಯಲಿಲ್ಲ. ಅವಳು ತಮಾಷೆ ಮಾಡಿ ಎಷ್ಟೋ ವಾರವಾಗಿತ್ತು ಅನ್ನುವ ಸಂತೋಷ ಒಂದು ಕಡೆ, ಲೋಟ ತುಂಬಿದಂತೇ ವಾಪಸ್ಸು ಬಂತಲ್ಲ ಅನ್ನುವ ಸಂಕಟ ಇನ್ನೊಂದು ಕಡೆ.

ಆಮೇಲೆ ಬುದ್ಧಿ ಹೇಳುವವರ ಸಾಲು ಶುರುವಾಯಿತು. ಪಕ್ಕದ ಬೀದಿಯ ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವನು ಪ್ಯಾಂಟಿನ ತೊಡೆ ಸಡಿಲ ಮಾಡಿಸಿಕೊಳ್ಳಲು ಬಂದಿದ್ದ. ಬಿಸಿ ಮಾಡಿದರೆ ಎಲ್ಲ ಹಾಳು, ಐಸು ಹಾಕಿ ಬಾಟಲಿಯಲ್ಲಿ ಕುಲುಕಿ ಕೊಡಿ ಅಂದ. ತಣ್ಣನೆಯದು ಕುಡಿದರೆ ಅವಳ ಹಲ್ಲು ಕಟಕಟ ಅನ್ನುತ್ತದೆ. ಔಷಧಿ ಅಂಗಡಿಯವನು ಕಾಫಿಯಲ್ಲಿ ಹಾಕಿದರೆ ಶಕ್ತಿಯೇ ಹೋಗುತ್ತದೆ, ಹಾಲಿನಲ್ಲಿ ಹಾಕಿ ಅಂದ. ಹಾಲು ಅವಳಿಗೆ ಸೇರುವುದಿಲ್ಲ. ನಾದಿನಿ ಬಂದು, ಪುಡಿಗಿಡಿ ಎಲ್ಲ ಸುಳ್ಳು ಭಾವ, ಬಿಸಿ ಕಾಫಿಗೆ ಹಸಿ ಮೊಟ್ಟೆ ಒಡೆದು ಹಾಕಿ ಅಂದಳು. ಕೇಳಿಯೇ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಬೇರೆ ಊರಿನಲ್ಲಿ ಟೀಚರ್ ಕೆಲಸದಲ್ಲಿದ್ದ ಮಗಳು ಫೋನಿಗೆ ನಾಲ್ಕು ವಿಡಿಯೋ ಕಳಿಸಿದಳು. ನಾಲ್ಕರಲ್ಲೂ ನಾಲ್ಕು ತರಹ. ಒಬ್ಬಳು ಬಿಸಿಗೆ ಹಾಕಬಾರದು ಅನ್ನುತ್ತಾಳೆ, ಇನ್ನೊಬ್ಬ ಬಿಸಿಗೇ ಹಾಕುತ್ತಾನೆ. ಎಲ್ಲರೂ ಕುಡಿಯುವಾಗ ಹಲ್ಲು ಕಿರಿಯುತ್ತಾರೆ. ಯಾರನ್ನು ನಂಬಬೇಕು ಎಂದು ಮಾಸ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಹೇಳಿದ್ದನ್ನೆಲ್ಲ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಚಿಕೊಂಡರು, ಮರುದಿನ ಓದಲು ಹೋದರೆ ಒಂದಕ್ಷರವೂ ತಿಳಿಯಲಿಲ್ಲ.

ನಾಲ್ಕನೆಯ ದಿನ ಅವರಿಗೆ ತಾವೇ ಬಲ್ಲ ಒಂದು ವಿದ್ಯೆ ನೆನಪಾಯಿತು. ಕಾಲರಿಗೆ ಹಾಕುವ ಗಂಜಿ. ಗಂಜಿಯ ಪುಡಿಯನ್ನು ನೇರ ಕುದಿನೀರಿಗೆ ಹಾಕಿದರೆ ಹೀಗೇ ಗಂಟಾಗುತ್ತದೆ. ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳಬೇಕು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು, ಆಗತಾನೆ ಪುಡಿಯಿಂದ ಅಗೆದು ತೆಗೆದ ಸ್ಕೂಪಿನಲ್ಲಿ ಒಂದು ಅಳತೆ ತೆಗೆದು ತಣ್ಣನೆ ನೀರಿನಲ್ಲಿ ಕಲಸಿದರು. ನುಣ್ಣಗೆ ಬಂತು. ಮಾಸ್ಟ್ರ ಮುಖ ಅರಳಿತು. ಅಲ್ಲಿಗೇ ಬಿಟ್ಟಿದ್ದರೆ ಅವರ ಕಥೆ ಬೇರೆಯೇ ಆಗುತ್ತಿತ್ತು. ಆದರೆ ಗಂಜಿ ಅಂದಮೇಲೆ ಮುಂದಿನ ಹೆಜ್ಜೆ ಒಲೆಯಲ್ಲವೇ? ಕಾಫಿ ಬೆರೆಸಿ, ಸಣ್ಣ ಉರಿಯಲ್ಲಿಟ್ಟು, ತಿರುವುತ್ತಾ ದಪ್ಪವಾಗಲಿ ಎಂದು ಕಾದರು. ಗಂಜಿ ದಪ್ಪವಾಗುತ್ತದೆ. ಇದು ಒಡೆದುಹೋಯಿತು. ಒಂದು ಕಡೆ ಕಂದು ನೀರು, ಇನ್ನೊಂದು ಕಡೆ ಚೂರುಚೂರು ಗಿಣ್ಣಿನಂಥದು.

ಚೂರುಗಳನ್ನು ಏನು ಮಾಡಬೇಕು? ಹೊಲಿಯುವವನಿಗೆ ಹೊಳೆಯುವುದು ಬಟ್ಟೆಯೇ. ಒಳಪದರದ ಅಸ್ತರಿಗೆಂದು ಇಟ್ಟಿದ್ದ ತೆಳು ಮಲ್ಲಿನ ತುಂಡನ್ನು ತೊಳೆದು, ಎರಡು ಮಡಿಕೆ ಮಾಡಿ, ಅದರಲ್ಲಿ ಕಾಫಿ ಸೋಸಿದರು. ಲೋಟಕ್ಕೆ ಇಳಿದದ್ದು ತಿಳಿಯಾಗಿ, ಘಮ್ಮೆಂದು, ಥೇಟು ಕಾಫಿಯಂತೇ ಇತ್ತು. ಹೆಂಡತಿ ಇಡೀ ಲೋಟ ಕುಡಿದು ಚೆನ್ನಾಗಿದೆ ಅಂದಳು. ಮಾಸ್ಟ್ರಿಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು, ದಿನಕ್ಕೆ ಎರಡು ಸಲ ಬಟ್ಟೆಯಲ್ಲಿ ಸೋಸಿದ ಕಾಫಿ. ಬಟ್ಟೆಯಲ್ಲಿ ಉಳಿದದ್ದನ್ನು ನಲ್ಲಿಯ ಕೆಳಗೆ ತೊಳೆದು ಬಿಡುತ್ತಿದ್ದರು.

ಇನ್ನು ಅವರು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಿಬಿಡಬೇಕು, ಯಾಕೆಂದರೆ ಎಲ್ಲ ಗೋಜಲೂ ಅಲ್ಲಿಂದಲೇ ಹುಟ್ಟಿದ್ದು. ಕಾಫಿ ಶುರುವಾಗುವುದಕ್ಕೆ ಎರಡು ವಾರ ಮೊದಲು, ಹೆಂಡತಿ ಮೊದಲ ಸಲ ಆಸ್ಪತ್ರೆಗೆ ತೋರಿಸಿಕೊಂಡು ಬಂದ ದಿನ ತನ್ನ ನೀಲಿ ಗೌನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಭುಜ ತೋಳಿಗೆ ಇಳಿದಿತ್ತು, ಸೊಂಟದ ಹತ್ತಿರ ಬಟ್ಟೆ ಜೋಲುತ್ತಿತ್ತು. ಹ್ಯಾಂಗರಿಗೆ ನೇತುಹಾಕಿದ ಹಾಗಿದೀನಿ ಅಂದು ಅಳುತ್ತಾ ಮಲಗಿದವಳು ಆ ದಿನ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಅವಳು ಮಾತ್ರೆ ನುಂಗಿ ನಿದ್ದೆ ಹೋದ ಮೇಲೆ ಮಾಸ್ಟ್ರು ಅವಳ ನಾಲ್ಕೂ ಗೌನುಗಳನ್ನು ಮೇಜಿಗೆ ತಂದು, ಎರಡು ಪಕ್ಕದಲ್ಲೂ ಒಳಗೆ ಹಿಡಿದು ಹೊಲಿದರು. ಮರುದಿನ ಅವಳು, ಅಂಥದ್ದೇನೂ ಕರಗಿಲ್ಲ ಕಣ್ರೀ, ನಿನ್ನೆ ಯಾಕೋ ಹಾಗನ್ನಿಸಿತು ಅಂದು ನಾಲ್ಕು ಚಮಚ ಸಾರು ಕುಡಿದಳು. ಹತ್ತು ದಿನ ಬಿಟ್ಟು ಇನ್ನೊಂದು ಸಲ ಹಿಡಿದರು.

ಮೂರನೆಯ ಸಲ ಹಿಡಿದದ್ದು ಸೋಸಿದ ಕಾಫಿ ಶುರುವಾದ ವಾರ. ಈ ಸಲ ಬೇಕಾದದ್ದಕ್ಕಿಂತ ಕಾಲಿಂಚು ಹೆಚ್ಚು ಹಿಡಿದರು. ಬಟ್ಟೆ ಸ್ವಲ್ಪ ಬಿಗಿಯಾದರೆ, ಮೈ ತುಂಬುತ್ತಿದೆ, ಕಾಫಿ ಕೆಲಸ ಮಾಡುತ್ತಿದೆ ಅನ್ನುವ ಧೈರ್ಯ ಅವಳಿಗೆ ಬರಲಿ ಎಂದು. ಬದುಕಿಡೀ ಒಳಗೆ ಕಾಲಿಂಚು ಬಿಟ್ಟು ಹೊಲಿದವರು ಮೊದಲ ಸಲ ಕಾಲಿಂಚು ಕದ್ದರು. ಅವಳಿಗೆ ಧೈರ್ಯ ಬಂತು ನೋಡಿ. ಕಂಕುಳ ಹತ್ತಿರ ಬಿಗಿಯುತ್ತಿದೆ ಎಂದು ನಾದಿನಿಯ ಹತ್ತಿರ ಹೇಳಿಕೊಂಡಳು, ಒಳಕೋಣೆಯ ಕಿಟಕಿಯ ಹತ್ತಿರ ಕೂತು ಗಿರಾಕಿಯ ಅಂಗಿಗೆ ನಾಲ್ಕು ಗುಂಡಿಯನ್ನೂ ಹೊಲಿದಳು. ಮಾಸ್ಟ್ರು ಮಿಷನ್ನಿನ ಮುಂದೆ ತಲೆ ಎತ್ತದೆ ಕೂತರು. ತಾವು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಮೂರು ವಾರಕ್ಕೆ ಆಸ್ಪತ್ರೆಗೆ ಹೋದರು. ತೂಕದ ಮಿಷನ್ನಿನ ಮೇಲೆ ಅವಳು ನಗುನಗುತ್ತಲೇ ಹತ್ತಿದಳು. ಮುಳ್ಳು ನಲವತ್ತನಾಲ್ಕೂವರೆ ತೋರಿಸಿತು. ಇಳಿದು ಇನ್ನೊಮ್ಮೆ ಹತ್ತಿದಳು. ಅದೇ. ನಿಮ್ಮ ಮಿಷನ್ನು ಸರಿಯಿಲ್ಲಮ್ಮ ಎಂದು ನರ್ಸಿಗೆ ಹೇಳಿದಳು. ನರ್ಸು ತಾನೇ ಹತ್ತಿ ತೋರಿಸಿದಳು, ತನ್ನದು ಸರಿಯಾಗಿಯೇ ಇದೆ ಅಂದಳು. ಆಗ ಆಹಾರದ ಮೇಡಂ ಮಾಸ್ಟ್ರನ್ನು ಕರೆದು, ಕಾಫಿ ಹೇಗೆ ಮಾಡುತ್ತೀರಿ, ಮೊದಲಿನಿಂದ ಹೇಳಿ ಅಂದರು. ಮಾಸ್ಟ್ರು ಗಂಜಿಯಿಂದ ಮಲ್ಲಿನ ಬಟ್ಟೆಯವರೆಗೆ ಹೆಮ್ಮೆಯಿಂದಲೇ ವಿವರಿಸಿದರು.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಬಟ್ಟೆಯಲ್ಲಿ ಉಳಿದದ್ದನ್ನ ಏನು ಮಾಡ್ತಿದ್ರಿ?”

“ತೊಳೆದು ಬಿಡ್ತಿದ್ದೆ.”

“ಮಾಸ್ಟ್ರೇ, ಪ್ರೋಟೀನು ಇದ್ದದ್ದೇ ಅದರಲ್ಲಿ. ಇಷ್ಟು ದಿನ ನೀವು ಚರಂಡಿಗೆ ಕುಡಿಸಿದ್ದೀರಿ.”

ಮಾಸ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಬೈಯಲಿಲ್ಲ. ಈ ಸಲ ಫೋನು ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿಕೊಟ್ಟರು. ಗಂಜಿಯ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಬೇಡ. ಪುಡಿಯನ್ನು ತಣ್ಣನೆ ನೀರಿನಲ್ಲಿ ನುಣ್ಣಗೆ ಕಲಸಿ. ಕಾಫಿಯನ್ನು ಬೇರೆಯೇ ಮಾಡಿ, ಬೆರಳಿಟ್ಟರೆ ತಡೆದುಕೊಳ್ಳುವಷ್ಟು ಆರಲಿ. ಆಮೇಲೆ ಕಾಫಿಯನ್ನು ಪುಡಿಗೆ ಸ್ವಲ್ಪ ಸ್ವಲ್ಪವೇ ಹುಯ್ಯುತ್ತಾ ತಿರುವಿ. ಮತ್ತೆ ಒಲೆಯ ಮೇಲಿಡಬೇಡಿ. ಸೋಸಬೇಡಿ, ದಮ್ಮಯ್ಯ ಅಂದರು. ಆರು ಗ್ರಾಮಿನ ಸಂಶಯವನ್ನೂ ಮಾಸ್ಟ್ರು ಕೇಳಿದರು. ಅದೂ ಆಹಾರವೇ, ಹೊಟ್ಟೆಗೆ ಹೋಗಲಿ ಬಿಡಿ ಎಂದು ಉತ್ತರ ಬಂತು.

ಹೆಂಡತಿ ಮಾತ್ರ ಸುಮ್ಮನಾಗಲಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿ ಯೋಚಿಸಿ ಕೇಳಿದಳು: ಪ್ರೋಟೀನೆಲ್ಲ ಚರಂಡಿಗೆ ಹೋಗಿದ್ದರೆ ತನ್ನ ಮೈ ತುಂಬಿದ್ದು ಹೇಗೆ? ಬಟ್ಟೆ ಬಿಗಿಯಾಗಿದ್ದು ಹೇಗೆ? ಮುಳ್ಳು ತಪ್ಪು ಹೇಳಬಹುದು, ಬಟ್ಟೆ ತಪ್ಪು ಹೇಳುತ್ತದೆಯೇ? ಮೂವತ್ತನಾಲ್ಕು ವರ್ಷ ಅಳತೆ ಬರೆದವಳ ಪ್ರಶ್ನೆ ಅದು. ಮಾಸ್ಟ್ರು ಕಿಟಕಿಯ ಹೊರಗೆ ನೋಡಿದರು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವಳು ಮತ್ತೆ ಕನ್ನಡಿಯ ಮುಂದೆ ನಿಂತು ಅಳುತ್ತಾಳೆ, ಮತ್ತೆ ನೀರೂ ಮುಟ್ಟುವುದಿಲ್ಲ. ಹೇಳದಿದ್ದರೆ? ಅದು ಅವರಿಗೆ ತೋಚಲಿಲ್ಲ. ಇಳಿಯುವ ಜಾಗ ಬಂದಾಗ ಅವಳ ಕೈ ಹಿಡಿದು ಇಳಿಸಿಕೊಂಡರು.

ಮರುದಿನದಿಂದ ಮೇಡಂ ಹೇಳಿದ ಹಾಗೇ ಮಾಡಿದರು. ಒಂದು ಗಂಟೂ ಇಲ್ಲ, ಒಡೆಯಲೂ ಇಲ್ಲ. ಆದರೆ ಲೋಟ ಅರ್ಧಕ್ಕೇ ವಾಪಸ್ಸು ಬರತೊಡಗಿತು. ಹೇಗಿದೆ ಅಂದರೆ ಚೆನ್ನಾಗಿದೆ ಅನ್ನುತ್ತಾಳೆ, ಅರ್ಧ ಬಿಡುತ್ತಾಳೆ. ಚೆನ್ನಾಗಿದ್ದರೆ ಬಿಡುವುದು ಯಾಕೆ? ಸಕ್ಕರೆ ಹೆಚ್ಚು ಮಾಡಿ ನೋಡಿದರು, ಕಡಿಮೆ ಮಾಡಿ ನೋಡಿದರು. ಬಾಳೆಹಣ್ಣು ಕಿವಿಚಿ ಹಾಕಿ ನೋಡಿದರು. ದೊಡ್ಡ ಲೋಟದಲ್ಲಿ ಕೊಟ್ಟರೆ ಕಡಿಮೆ ಕಾಣಬಹುದು ಎಂದು ಲೋಟವನ್ನೂ ಬದಲಿಸಿದರು. ನಾಲ್ಕು ದಿನ ಹೀಗೇ ಕಳೆಯಿತು. ಕ್ಯಾಲೆಂಡರಿನಲ್ಲಿ ಹದಿನೇಳು ದಿನ ಉಳಿದಿತ್ತು, ಮಾಸ್ಟ್ರಿಗೆ ಕೈ ಕೈ ಹಿಸುಕಿಕೊಳ್ಳುವಂತಾಯಿತು.

ಐದನೆಯ ದಿನ ಬೆಳಿಗ್ಗೆ ಹೆಂಡತಿ ಹಸಿರು ಗೌನು ತೊಟ್ಟು, ನೀಲಿಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದಳು. ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಅವಳು ಅಲ್ಲಿ ಕೂತು ತಿಂಗಳ ಮೇಲಾಗಿತ್ತು.

“ಇದನ್ನ ಪಕ್ಕದಲ್ಲಿ ಸ್ವಲ್ಪ ಬಿಚ್ಚಿ ಕೊಡಿ,” ಅಂದಳು. “ಉಸಿರು ಕಟ್ಟುತ್ತೆ. ಇನ್ನು ಆ ಕಾಫಿಯೂ ಸಾಕು ಕಣ್ರೀ. ಬೇಕಾದಷ್ಟು ಬಂದಿದೆ ಮೈ. ಅರ್ಧ ಲೋಟಕ್ಕೇ ಇಷ್ಟು ಬಿಗಿಯಾದರೆ ಪೂರ್ತಿ ಕುಡಿದ್ರೆ ಏನು ಗತಿ?”

ಮಾಸ್ಟ್ರಿಗೆ ಆಗ ಎಲ್ಲ ಒಂದೇ ಸಲ ಗೊತ್ತಾಯಿತು. ಸಕ್ಕರೆಯದೂ ಅಲ್ಲ, ಬಾಳೆಹಣ್ಣಿನದೂ ಅಲ್ಲ. ಅವಳು ಲೋಟ ಅರ್ಧಕ್ಕೆ ಇಡುತ್ತಿದ್ದದ್ದು ತಾವು ಕದ್ದ ಆ ಕಾಲಿಂಚನ್ನು ನಂಬಿ. ಅಲ್ಲಿಡು, ಆಮೇಲೆ ನೋಡುತ್ತೇನೆ ಅಂದರು. ಕೈಯಲ್ಲಿ ಅರ್ಜೆಂಟು ಕೆಲಸವಿದೆ ಅಂದರು. ಅವರ ಮಿಷನ್ನಿನ ಮೇಲೆ ಒಂದು ತುಂಡು ಬಟ್ಟೆಯೂ ಇರಲಿಲ್ಲ.

ಬಿಡಿ, ನಾನೇ ಬಿಚ್ಚುತ್ತೇನೆ ಎಂದು ಅವಳು ಬ್ಲೇಡು ತೆಗೆದುಕೊಂಡು ಗೌನನ್ನು ಒಳಮಗ್ಗುಲಿಗೆ ತಿರುಗಿಸಿದಳು. ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಹಳೆಯ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ, ಅದರ ಒಳಗೆ ಮತ್ತೊಂದು, ಮತ್ತೂ ಒಳಗೆ ಮೂರನೆಯದು. ಅವಳು ಹೆಬ್ಬೆರಳನ್ನು ಒಂದೊಂದು ಸಾಲಿನ ಮೇಲೂ ನಿಧಾನವಾಗಿ ಎಳೆದಳು. ಇನ್ನೊಂದು ಪಕ್ಕ ತಿರುಗಿಸಿ ನೋಡಿದಳು. ಮೈಮೇಲಿದ್ದ ಹಸಿರು ಗೌನಿನ ಪಕ್ಕವನ್ನೂ ಮುಟ್ಟಿ ನೋಡಿಕೊಂಡಳು. ಯಾರ ಕೈಯ ಹೊಲಿಗೆ ಎಂದು ಅವಳು ಕೇಳಬೇಕಾಗಿರಲಿಲ್ಲ.

“ಮೂರು ಸಲ,” ಅಂದಳು.

ಮಾಸ್ಟ್ರು ಮಿಷನ್ನಿನ ಚಕ್ರ ಹಿಡಿದುಕೊಂಡೇ ಹೇಳಿದರು. ಮೊದಲನೆಯದು ನೀನು ಅತ್ತದ್ದಕ್ಕೆ. ಎರಡನೆಯದು ನೀನು ಮತ್ತೆ ಅಳಬಾರದು ಎಂದು. ಮೂರನೆಯದನ್ನು ಹೇಳುವಾಗ ಅವರ ದನಿ ಇಳಿಯಿತು. ಕಾಫಿ ಹಿಡಿಸುತ್ತಿದೆ ಎಂದು ನಿನಗೆ ಅನ್ನಿಸಲಿ ಅಂತ ಬೇಕೆಂದೇ ಬಿಗಿ ಹಿಡಿದೆ, ತಪ್ಪಾಯಿತು ಅಂದರು.

ಅವಳು ಅಳುತ್ತಾಳೆ ಎಂದು ಅವರು ಕಾದರು. ಅವಳು ಅಳಲಿಲ್ಲ. ಸಿಟ್ಟಿನಿಂದ ಅವಳ ಮೂಗಿನ ತುದಿ ಕೆಂಪಾಗಿತ್ತು. ಎದ್ದು, ಅಳತೆ ಪುಸ್ತಕ ತೆಗೆದು, ತನ್ನ ಹೆಸರಿನ ಹಾಳೆ ಹುಡುಕಿ ಇಸ್ತ್ರಿ ಹಲಗೆಯ ಮೇಲೆ ಇಟ್ಟಳು. ಪೆನ್ನು ಹಿಡಿದು ನೆಟ್ಟಗೆ ನಿಂತಳು.

“ಟೇಪು ತಗೊಳ್ಳಿ.”

ಮಾಸ್ಟ್ರು ಟೇಪು ತೆಗೆದುಕೊಂಡರು. ಉದ್ದ ಹೇಳಿದರು, ಭುಜ ಹೇಳಿದರು, ಅವಳು ಬರೆದಳು. ಎದೆಯ ಸುತ್ತ ಟೇಪು ತಂದಾಗ ಅವರ ಬೆರಳಿಗೆ ಪಕ್ಕೆಲುಬು ಒಂದೊಂದೂ ಸಿಕ್ಕಿತು. ಹಾಳೆಯ ಮೇಲೆ ಹೋದ ವರ್ಷದ ಸಂಖ್ಯೆ ಮೂವತ್ತೈದು ಎಂದು ಅವಳದೇ ಗುಂಡು ಅಕ್ಷರದಲ್ಲಿತ್ತು.

“ಮೂವತ್ತೊಂದು,” ಅಂದರು.

ಅವಳು ಬರೆಯಲಿಲ್ಲ. “ಟೇಪಿನಲ್ಲಿ ಇರೋದನ್ನ ಹೇಳಿ.”

“ಮೂವತ್ತು.”

ಅವಳು ಮೂವತ್ತು ಎಂದು ಬರೆದಳು. ಬರೆದದ್ದನ್ನು ತುಸು ಹೊತ್ತು ನೋಡಿದಳು. ಆಮೇಲೆ ಸೊಂಟಕ್ಕಾಗಿ ಕೈ ಎತ್ತಿ ನಿಂತಳು. ಮಾಸ್ಟ್ರಿಗೆ ಟೇಪಿನ ಅಂಕಿ ಕಾಣಿಸಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಅವಳೇ ಬಗ್ಗಿ ಓದಿ ಬರೆದುಕೊಂಡಳು. ತೋಳಿನವರೆಗೂ ಮುಗಿಸಿದರು.

“ಈಗ ನಾನೂ ಒಂದು ಹೇಳ್ತೀನಿ,” ಅಂದಳು ಅವಳು, ಸ್ಟೂಲಿನ ಮೇಲೆ ಕೂರುತ್ತಾ. “ನಿಮ್ಮ ಕಾಫಿ ಒಂದು ದಿನಾನೂ ಚೆನ್ನಾಗಿರ್ಲಿಲ್ಲ. ಸೋಸಿದ್ದೂ ಅಷ್ಟೇ, ಸೋಸದೇ ಇದ್ದದ್ದೂ ಅಷ್ಟೇ. ಒಳ್ಳೇ ಸೀಮೆಸುಣ್ಣ ಕಲಸಿದ ಹಾಗಿರುತ್ತೆ.”

ಮಾಸ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಇಷ್ಟು ದಿನದ ಚೆನ್ನಾಗಿದೆಗಳನ್ನೆಲ್ಲ ಈಗ ಎಲ್ಲಿಡುವುದು? “ಮತ್ತೆ ಚೆನ್ನಾಗಿದೆ ಅಂತಿದ್ದೆ?”

“ನೀವು ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ರಲ್ಲ. ಇನ್ನೇನು ಹೇಳ್ಲಿ?”

ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು. ಮಾಸ್ಟ್ರು ಸ್ಟೂಲು ಹೊತ್ತುಕೊಂಡು ಹಿಂದೆಯೇ ಹೋದರು. ಅವಳು ಕೂತು ಹೇಳುತ್ತಾ ಹೋದಳು, ಅವರು ಮಾಡುತ್ತಾ ಹೋದರು. ಕಾಫಿಪುಡಿಯಲ್ಲಿ ಯಾಕೆ ಹಾಗೆ ಜಿಪುಣತನ, ಇನ್ನೂ ಎರಡು ಚಮಚ ಹಾಕಿ ಅಂದಳು. ಪ್ರೋಟೀನ್ ಪುಡಿಯ ವಾಸನೆಯನ್ನು ಮುಚ್ಚಬೇಕಾದರೆ ಕಾಫಿ ಕಹಿ ಬರುವಷ್ಟು ಗಟ್ಟಿ ಇರಬೇಕಂತೆ. ಒಂದು ಚಿಟಿಕೆ ಉಪ್ಪು ಹಾಕಿಸಿದಳು. ಬೆರಳಿಟ್ಟು ಬಿಸಿ ತಾನೇ ನೋಡಿದಳು. ಇವರು ಸುರುವುತ್ತಿದ್ದ ರಭಸ ನೋಡಿ ಕೈ ಹಿಡಿದು ನಿಧಾನ ಮಾಡಿಸಿದಳು. ಲೋಟ ತುಂಬಿತು. ಮೇಲೆ ಸಣ್ಣ ನೊರೆ ನಿಂತಿತು.

ಅವಳು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. “ಈಗಲೂ ಚೆನ್ನಾಗಿಲ್ಲ,” ಅಂದಳು. ಹಾಗನ್ನುತ್ತಲೇ ಇನ್ನೊಂದು ಗುಟುಕು, ಮತ್ತೊಂದು ಗುಟುಕು ಕುಡಿದು, ನಡುವೆ ಎರಡು ಸಲ ನಿಲ್ಲಿಸಿ ಉಸಿರೆಳೆದುಕೊಂಡು, ಲೋಟ ಖಾಲಿ ಮಾಡಿದಳು. ತಳದಲ್ಲಿ ಉಳಿದಿದ್ದಕ್ಕೆ ಸ್ವಲ್ಪ ನೀರು ಹಾಕಿಸಿ ತೊಳೆದು ಅದನ್ನೂ ಕುಡಿದಳು. ಮಧ್ಯಾಹ್ನ ಮಲಗಿ ಎದ್ದ ಮೇಲೆ ನಾಲ್ಕೂ ಗೌನುಗಳ ಒಳಹೊಲಿಗೆಯನ್ನು ಬಿಚ್ಚಿಸಿದಳು. ಜೋಲುವ ಗೌನನ್ನೇ ಹಾಕಿಕೊಂಡು, ಕನ್ನಡಿಯ ಮುಂದೆ ಹೋಗದೆ, ಸಂಜೆಯ ಲೋಟಕ್ಕೆ ಕಾದು ಕೂತಳು.

ಅಲ್ಲಿಂದ ದಿನಗಳು ಸುಲಭವಾಗಿ ಕಳೆದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಸಲ ಕುಡಿದದ್ದೆಲ್ಲ ವಾಂತಿಯಾಯಿತು. ಒಂದು ದಿನ ಲೋಟವನ್ನು ಗೋಡೆಗೆ ಎಸೆಯುತ್ತೇನೆ ಅಂದಳು, ಎಸೆಯಲಿಲ್ಲ. ಪ್ರತಿ ಲೋಟಕ್ಕೂ ಇದು ಚೆನ್ನಾಗಿಲ್ಲ ಅನ್ನುವುದನ್ನು ಮಾತ್ರ ತಪ್ಪಿಸಲಿಲ್ಲ. ಬರಬರುತ್ತಾ ಜೊತೆಗೆ ಅರ್ಧ ರೊಟ್ಟಿಯೂ ಒಳಗೆ ಹೋಗತೊಡಗಿತು. ಮೈ ತುಂಬುತ್ತಿದೆಯೋ ಇಲ್ಲವೋ ಎಂದು ನೋಡಲು ಮಾಸ್ಟ್ರಿಗೆ ಧೈರ್ಯ ಬರಲಿಲ್ಲ. ಬೀದಿಯಲ್ಲಿ ಹೋಗುವವರ ಸೊಂಟವನ್ನೆಲ್ಲ ಅಳೆಯುವ ಕಣ್ಣಿಗೆ ಮನೆಯವಳದು ಮಾತ್ರ ಗೊತ್ತಾಗದೇ ಹೋಯಿತು.

ಆರು ವಾರಕ್ಕೆ ಮತ್ತೆ ಆಸ್ಪತ್ರೆ. ಅವಳು ಚಪ್ಪಲಿ ಬಿಟ್ಟು ಮಿಷನ್ನು ಹತ್ತಿದಳು. ಕೆಳಗೆ ನೋಡಲಿಲ್ಲ, ಎದುರಿನ ಗೋಡೆ ನೋಡುತ್ತಾ ನಿಂತಳು. ನರ್ಸು ಇನ್ನೊಬ್ಬರ ಚೀಟಿ ಬರೆಯುತ್ತಿದ್ದವಳು, ತಲೆ ಎತ್ತದೆ, ಎಷ್ಟಿದೆ ಓದಿ ಮಾಸ್ಟ್ರೇ ಅಂದಳು. ಮಾಸ್ಟ್ರು ಬಗ್ಗಿದರು. ಮುಳ್ಳು ನಲವತ್ತಾರೂವರೆಯ ಮೇಲೆ ನಿಂತಿತ್ತು.

ನಲವತ್ತೇಳು ಅಂದರೆ ನರ್ಸು ನಲವತ್ತೇಳನ್ನೇ ಬರೆದುಕೊಳ್ಳುತ್ತಿದ್ದಳು. ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಅರ್ಧ ಕಿಲೋ ಅಂದರೆ ಎಷ್ಟು ದೊಡ್ಡದು, ಡಾಕ್ಟರು ಅಷ್ಟಕ್ಕೆ ವಾಪಸ್ಸು ಕಳಿಸುತ್ತಾರೋ ಇಲ್ಲವೋ, ಕಳಿಸಿದರೆ ಅಷ್ಟರಲ್ಲಿ ಒಳಗಿನ ಗಂಟು ಏನು ಮಾಡುತ್ತದೋ, ಒಂದೂ ಅವರಿಗೆ ಗೊತ್ತಿರಲಿಲ್ಲ. ಅವರು ಹೆಂಡತಿಯ ಮುಖ ನೋಡಿದರು. ಅವಳು ಗೋಡೆಯನ್ನು ಬಿಟ್ಟು ಇವರನ್ನೇ ನೋಡುತ್ತಿದ್ದಳು.

“ನಲವತ್ತಾರೂವರೆ,” ಎಂದು ಗಟ್ಟಿಯಾಗಿ ಕೂಗಿದರು.

ಡಾಕ್ಟರು ಚೀಟಿ ನೋಡಿ, ಬಹಳ ಚೆನ್ನಾಗಿ ಏರಿದೆ, ಆದರೆ ಇನ್ನೊಂದು ವಾರ ಕಾಯೋಣ, ಇದೇ ಕಾಫಿ ಮುಂದುವರಿಸಿ, ಮುಂದಿನ ವಾರ ಬಂದು ದಾಖಲಾಗಿ ಅಂದರು. ಒಂದು ವಾರಕ್ಕೆ ಏನೂ ಆಗುವುದಿಲ್ಲ ಎಂದೂ ಹೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅರ್ಧ ಕಿಲೋ ಸೇರಿಸಿ ಹೇಳಬಹುದಿತ್ತು ಎಂದು ಅವರು ತಮಗೆ ತಾವೇ ಅನ್ನುವ ಹಾಗೆ ಅಂದರು.

ಹೆಂಡತಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. “ಸೇರಿಸಿದ್ದಿದ್ರೆ ನಾನೇ ನರ್ಸನ್ನ ಕರೀತಿದ್ದೆ,” ಅಂದಳು. “ಒಂದು ವಾರ ತಾನೆ? ಹದಿನಾಲ್ಕು ಲೋಟ. ಏಳಿ, ಸಂಜೇದಕ್ಕೆ ಹೊತ್ತಾಯ್ತು.”